ಮೂಳೆ ದುರಸ್ತಿಗೆ ಬಳಸುವ ಪಾಲಿಮರ್-ಸೆರಾಮಿಕ್ ಸಂಯೋಜಿತ ವಸ್ತುಗಳು

ಮುರಿದ, ಸವೆದ ಅಥವಾ ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕಲಾದ ಮೂಳೆಯ ಜಾಗದಲ್ಲಿ ಇರಿಸಲು ಪಾಲಿಮರ್ ಮತ್ತು ಸೆರಾಮಿಕ್‌ಗಳನ್ನು ಬೆರೆಸಿ ತಯಾರಿಸುವ ಜೈವಿಕ ವಸ್ತುಗಳಿಗೆ ಪಾಲಿಮರ್-ಸೆರಾಮಿಕ್ ಸಂಯೋಜಿತ ವಸ್ತುಗಳು ಎಂದು ಹೆಸರು. ಸಾಮಾನ್ಯವಾಗಿ ಪಾಲಿಮರ್ ಆಧಾರವಸ್ತುವಾಗಿರುತ್ತದೆ. ಕ್ಯಾಲ್ಸಿಯಂ ಫಾಸ್ಫೇಟ್ ಗುಂಪಿನ ಸೆರಾಮಿಕ್ ಅದರೊಳಗೆ ಸಣ್ಣ ಕಣಗಳಾಗಿ ಹರಡಿರುತ್ತದೆ. 1980ರ ದಶಕದ ಆರಂಭದಲ್ಲಿ ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನಲ್ಲಿ ವಿಲಿಯಂ ಬಾನ್‌ಫೀಲ್ಡ್ ಮತ್ತು ಸಂಗಡಿಗರು ರೂಪಿಸಿದ, ಮುಂದೆ ಹ್ಯಾಪೆಕ್ಸ್ ಎಂಬ ಹೆಸರಿನಲ್ಲಿ ಬಳಕೆಗೆ ಬಂದ ವಸ್ತುವು ಈ ವರ್ಗದ ಪ್ರಮುಖ ಉದಾಹರಣೆಯಾಗಿದೆ.

ಮೂಳೆಯ ರಚನೆ

ಮೂಳೆಯೇ ಒಂದು ಸಂಯೋಜಿತ ವಸ್ತು. ಅದರ ತೂಕದ ಸುಮಾರು ಮೂರನೇ ಎರಡು ಭಾಗ ಹೈಡ್ರಾಕ್ಸಿಅಪಟೈಟ್‌ಅನ್ನು ಹೋಲುವ ಖನಿಜವಾಗಿದ್ದು, ಉಳಿದದ್ದು ಮುಖ್ಯವಾಗಿ ಕೊಲಾಜನ್ ಎಂಬ ಪ್ರೋಟೀನ್ ಮತ್ತು ನೀರು. ಇದನ್ನು ಶಾಲೆಯಲ್ಲಿಯೂ ಪರೀಕ್ಷಿಸಬಹುದು. ಕೋಳಿಯ ಮೂಳೆಯನ್ನು ಕೆಲವು ದಿನ ವಿನೆಗರ್‌ನಲ್ಲಿ ನೆನೆಸಿದರೆ ಖನಿಜ ಕರಗಿಹೋಗಿ ಮೂಳೆ ರಬ್ಬರಿನಂತೆ ಬಾಗುತ್ತದೆ. ಅದಕ್ಕೆ ಬದಲಾಗಿ ಚೆನ್ನಾಗಿ ಸುಟ್ಟರೆ ಕೊಲಾಜನ್ ನಾಶವಾಗುತ್ತದೆ. ಆಕಾರ ಉಳಿದರೂ ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತದೆ. ಮೂಳೆಗೆ ಬಿಗಿತವನ್ನು ಖನಿಜವೂ, ಸುಲಭವಾಗಿ ಬಿರುಕು ಬಿಡದ ಗುಣವನ್ನು ಕೊಲಾಜನ್ನೂ ಒದಗಿಸುತ್ತವೆ.

ಲೋಹದ ತೊಡಕು

ಬಲಕ್ಕೆ ಮಣಿಯದಿರುವ ಗುಣವನ್ನು ಸ್ಥಿತಿಸ್ಥಾಪಕ ಗುಣಾಂಕದಿಂದ ಅಳೆಯುತ್ತಾರೆ. ಗಟ್ಟಿ ಮೂಳೆಯಲ್ಲಿ ಇದು ಸುಮಾರು 7ರಿಂದ 30 ಗಿಗಾಪ್ಯಾಸ್ಕಲ್. ಟೈಟೇನಿಯಂ ಮಿಶ್ರಲೋಹದಲ್ಲಿ ಸುಮಾರು 110, ಸ್ಟೇನ್‌ಲೆಸ್ ಉಕ್ಕಿನಲ್ಲಿ ಸುಮಾರು 200. ಆದ್ದರಿಂದ ತೊಡೆಮೂಳೆಯೊಳಗೆ ಲೋಹದ ದಂಡವನ್ನು ಕೂರಿಸಿದಾಗ ದೇಹದ ಭಾರದ ಹೆಚ್ಚಿನ ಪಾಲನ್ನು ಲೋಹವೇ ಹೊರುತ್ತದೆ. ಹೊರೆ ಬಿದ್ದಲ್ಲಿ ಮೂಳೆ ಬಲಗೊಳ್ಳುತ್ತದೆ, ಹೊರೆ ತಪ್ಪಿದಲ್ಲಿ ಕ್ಷೀಣಿಸುತ್ತದೆ ಎಂದು ಜರ್ಮನಿಯ ಶಸ್ತ್ರಚಿಕಿತ್ಸಕ ಜೂಲಿಯಸ್ ವೋಲ್ಫ್ 1892ರಲ್ಲಿ ಪ್ರತಿಪಾದಿಸಿದ್ದರು. ಲೋಹದ ಸುತ್ತಲಿನ ಮೂಳೆ ತೆಳುವಾಗಿ ಇಂಪ್ಲಾಂಟ್ ಸಡಿಲಗೊಳ್ಳಲು ಇದೂ ಒಂದು ಕಾರಣ. ರೋಗಿಯ ಸೊಂಟದ ಮೂಳೆಯಿಂದಲೇ ತುಂಡನ್ನು ತೆಗೆದು ಕಸಿ ಮಾಡುವುದು ಇಂದಿಗೂ ಉತ್ತಮ ವಿಧಾನವೆನಿಸಿದೆ. ಆದರೆ ಅದಕ್ಕೆ ಎರಡನೆಯ ಗಾಯ ಮಾಡಬೇಕಾಗುತ್ತದೆ. ಸಿಗುವ ಮೂಳೆಯೂ ಸೀಮಿತ.

ಹ್ಯಾಪೆಕ್ಸ್

ಶುದ್ಧ ಹೈಡ್ರಾಕ್ಸಿಅಪಟೈಟ್ ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆ, ಆದರೆ ಪಿಂಗಾಣಿಯಂತೆ ಒಡೆಯುತ್ತದೆ. ಪಾಲಿಎಥಿಲೀನ್ ಒಡೆಯುವುದಿಲ್ಲ, ಆದರೆ ಅದರ ಗುಣಾಂಕ ಸುಮಾರು 1 ಗಿಗಾಪ್ಯಾಸ್ಕಲ್ ಮಾತ್ರ. ಮೂಳೆಯೂ ಅದಕ್ಕೆ ಅಂಟುವುದಿಲ್ಲ. ಬಾನ್‌ಫೀಲ್ಡ್ ತಂಡವು ಕರಗಿದ ಪಾಲಿಎಥಿಲೀನ್‌ನಲ್ಲಿ ಹೈಡ್ರಾಕ್ಸಿಅಪಟೈಟ್ ಪುಡಿಯನ್ನು ಬೆರೆಸಿ, ಅಚ್ಚಿನಲ್ಲಿ ಒತ್ತಿ ಹೊಸ ವಸ್ತುವನ್ನು ಪಡೆಯಿತು.

ಎಷ್ಟು ಪುಡಿ ಬೆರೆಸಬೇಕೆಂಬುದೇ ಇಲ್ಲಿನ ಮುಖ್ಯ ಪ್ರಶ್ನೆಯಾಗಿತ್ತು. ಗಾತ್ರದಲ್ಲಿ ಶೇ. 20ಕ್ಕಿಂತ ಕಡಿಮೆಯಾದರೆ ಕಣಗಳು ವಿರಳವಾಗಿ, ಮೂಳೆ ಹಿಡಿದುಕೊಳ್ಳಲು ಸಾಕಷ್ಟು ಮೇಲ್ಮೈ ದೊರೆಯುವುದಿಲ್ಲ. ಶೇ. 45ರ ಹತ್ತಿರ ವಸ್ತು ಬಾಗುವ ಗುಣವನ್ನು ಕಳೆದುಕೊಂಡು ಥಟ್ಟನೆ ಮುರಿಯತೊಡಗುತ್ತದೆ. ಹೀಗಾಗಿ ಶೇ. 40ರ ಪ್ರಮಾಣವನ್ನು ಆಯ್ದುಕೊಳ್ಳಲಾಯಿತು. ಇದರ ಗುಣಾಂಕ ಸುಮಾರು 4 ಗಿಗಾಪ್ಯಾಸ್ಕಲ್, ಅಂದರೆ ಗಟ್ಟಿ ಮೂಳೆಯ ಕೆಳಮಿತಿಗಿಂತಲೂ ಕಡಿಮೆ. ಕಣ ಮತ್ತು ಪಾಲಿಮರ್ ನಡುವೆ ರಾಸಾಯನಿಕ ಬಂಧವಿಲ್ಲ. ತಣಿಯುವಾಗ ಕುಗ್ಗುವ ಪಾಲಿಎಥಿಲೀನ್ ಕಣವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ, ಅಷ್ಟೆ. ಎಳೆತಕ್ಕೆ ಸಿಕ್ಕಾಗ ವಸ್ತು ಬಿಟ್ಟುಕೊಡುವುದು ಬಹುಮಟ್ಟಿಗೆ ಈ ಅಂಚಿನಲ್ಲೇ.

ಆದ್ದರಿಂದ ಹ್ಯಾಪೆಕ್ಸ್ ತೊಡೆ ಅಥವಾ ಮೊಣಕಾಲನ್ನು ತಲುಪಲಿಲ್ಲ. ಅದು ನೆಲೆಯೂರಿದ್ದು ಹೊರೆ ಕಡಿಮೆಯಿರುವ ಎರಡು ಜಾಗಗಳಲ್ಲಿ. ಮೊದಲನೆಯದು ಕಣ್ಣುಗುಡ್ಡೆಯ ಕೆಳಗಿನ ತೆಳು ಮೂಳೆ. ಅದು ಮುರಿದರೆ ಕಣ್ಣುಗುಡ್ಡೆ ಕೆಳಕ್ಕೆ ಜಾರುತ್ತದೆ. ಎರಡನೆಯದು ಮಧ್ಯಕಿವಿಯ ಪುಟ್ಟ ಮೂಳೆಗಳು. 1990ರ ದಶಕದ ಮಧ್ಯಭಾಗದಲ್ಲಿ ಬಳಕೆಗೆ ಬಂದ ಕಿವಿಯ ಇಂಪ್ಲಾಂಟ್‌ಗಳಲ್ಲಿ ತಲೆಭಾಗ ಹೈಡ್ರಾಕ್ಸಿಅಪಟೈಟ್‌ನದು, ಕಾಂಡ ಹ್ಯಾಪೆಕ್ಸ್‌ನದು. ಶಸ್ತ್ರಚಿಕಿತ್ಸಕರು ರೋಗಿಯ ಕಿವಿಯ ಅಳತೆಗೆ ತಕ್ಕಂತೆ ಕಾಂಡವನ್ನು ಅಲ್ಲಿಯೇ ಚಾಕುವಿನಿಂದ ಕತ್ತರಿಸಬಹುದಿತ್ತು. ಬಲದ ಅಂಕಿಗಳಿಗಿಂತ ಈ ಅನುಕೂಲವೇ ವೈದ್ಯರಿಗೆ ಹೆಚ್ಚು ಮುಖ್ಯವಾಯಿತು ಎನ್ನಬಹುದು.

ದೇಹದಲ್ಲಿ ಕರಗುವ ಸಂಯೋಜಿತ ವಸ್ತುಗಳು

ಪಾಲಿಎಥಿಲೀನ್ ದೇಹದಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಹೊಸ ಮೂಳೆ ಬೆಳೆದಂತೆ ತಾನೇ ಮರೆಯಾಗುವ ವಸ್ತುವಿಗಾಗಿ ಪಾಲಿಲ್ಯಾಕ್ಟಿಕ್ ಆಮ್ಲ, ಪಾಲಿಗ್ಲೈಕಾಲಿಕ್ ಆಮ್ಲ ಮತ್ತು ಪಾಲಿಕ್ಯಾಪ್ರೊಲ್ಯಾಕ್ಟೋನ್‌ಗಳನ್ನು ಬಳಸಲಾಗುತ್ತದೆ. ಪಾಲಿಲ್ಯಾಕ್ಟಿಕ್ ಆಮ್ಲದ ಸರಪಳಿಗಳನ್ನು ನೀರು ಕತ್ತರಿಸುತ್ತದೆ. ಉಂಟಾಗುವ ಲ್ಯಾಕ್ಟಿಕ್ ಆಮ್ಲವನ್ನು ದೇಹ ಸಹಜವಾಗಿ ವಿಲೇವಾರಿ ಮಾಡುತ್ತದೆ. ಆದರೆ ಆಮ್ಲ ವಸ್ತುವಿನ ಒಳಗೇ ಸಂಗ್ರಹವಾದರೆ ವಿಘಟನೆ ಮತ್ತಷ್ಟು ವೇಗ ಪಡೆಯುತ್ತದೆ, ಸುತ್ತಲಿನ ಅಂಗಾಂಶ ಉರಿಯೂತಕ್ಕೆ ಒಳಗಾಗಬಹುದು. ಕ್ಯಾಲ್ಸಿಯಂ ಫಾಸ್ಫೇಟ್ ಕಣಗಳು ಈ ಆಮ್ಲೀಯತೆಯನ್ನು ಸ್ವಲ್ಪಮಟ್ಟಿಗೆ ತಗ್ಗಿಸುತ್ತವೆ.

ಸೆರಾಮಿಕ್ ಇಲ್ಲದ ಪಾಲಿ-ಎಲ್-ಲ್ಯಾಕ್ಟಿಕ್ ಆಮ್ಲದ ಫಲಕಗಳ ಅನುಭವವೂ ಎಚ್ಚರಿಕೆ ನೀಡುವಂಥದು. ನೆದರ್ಲೆಂಡ್ಸ್‌ನಲ್ಲಿ ಕೆನ್ನೆಮೂಳೆಯ ಮುರಿತಕ್ಕೆ ಅವನ್ನು ಅಳವಡಿಸಿಕೊಂಡ ಕೆಲವು ರೋಗಿಗಳಿಗೆ, ಮೂಳೆ ಕೂಡಿಕೊಂಡು ವರ್ಷಗಳೇ ಕಳೆದ ಮೇಲೆ ಆ ಜಾಗದಲ್ಲಿ ಊತ ಕಾಣಿಸಿಕೊಂಡಿತು. ನಿಧಾನವಾಗಿ ಕರಗುವ ಪಾಲಿಮರ್‌ನ ಸ್ಫಟಿಕ ಚೂರುಗಳು ಅಲ್ಲಿ ಉಳಿದಿದ್ದವು. ಜಪಾನಿನಲ್ಲಿ 1990ರ ದಶಕದಲ್ಲಿ, ಹೆಚ್ಚಿನ ತಾಪದಲ್ಲಿ ಸುಡದ ಹೈಡ್ರಾಕ್ಸಿಅಪಟೈಟ್ ಕಣಗಳನ್ನು ಇದೇ ಪಾಲಿಮರ್‌ನೊಂದಿಗೆ ಬೆರೆಸಿ ತಿರುಪು ಮತ್ತು ಫಲಕಗಳನ್ನು ತಯಾರಿಸಲಾಯಿತು. ಮುಖ ಹಾಗೂ ದವಡೆಯ ಶಸ್ತ್ರಚಿಕಿತ್ಸೆಯಲ್ಲಿ ಇವು ಬಳಕೆಯಲ್ಲಿವೆ.

ರಂಧ್ರಯುಕ್ತ ಹಂದರಗಳು

ಜೀವಕೋಶಗಳೂ ರಕ್ತನಾಳಗಳೂ ಒಳಹೊಕ್ಕು ಬೆಳೆಯಲು ವಸ್ತುವಿನಲ್ಲಿ ಒಂದಕ್ಕೊಂದು ಸೇರಿದ ರಂಧ್ರಗಳಿರಬೇಕು. ಅವುಗಳ ವ್ಯಾಸ ಕನಿಷ್ಠ 100 ಮೈಕ್ರೋಮೀಟರ್ ಇರಬೇಕೆಂದೂ, 300ಕ್ಕೂ ಹೆಚ್ಚಿದ್ದರೆ ಉತ್ತಮವೆಂದೂ ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಆದರೆ ರಂಧ್ರ ಹೆಚ್ಚಿದಷ್ಟೂ ಬಲ ಕುಗ್ಗುತ್ತದೆ. ಮೂರು ಆಯಾಮದ ಮುದ್ರಣದಿಂದ ರಂಧ್ರಗಳ ಗಾತ್ರವನ್ನೂ ದಿಕ್ಕನ್ನೂ ನಿಯಂತ್ರಿಸಲು ಸಾಧ್ಯವಾಗಿದೆಯಾದರೂ, ದೇಹದ ಪೂರ್ಣ ಭಾರ ಹೊರುವ ಕಾಲಿನ ಉದ್ದ ಮೂಳೆಗಳ ಮುರಿತದಲ್ಲಿ ಲೋಹದ ಸರಳು ಮತ್ತು ಫಲಕಗಳೇ ಈಗಲೂ ಮುಖ್ಯ ಆಧಾರ.