ರೌಟರಿನ ಗಲ್ಲೆಯಲ್ಲಿ ಕುಳಿತವನು

ಮಲಾಡಿನ ಮೈಂಡ್‌ಸ್ಪೇಸಿನ ಕಚೇರಿಯೊಂದರಲ್ಲಿ ರಾತ್ರಿ ಪಾಳಿ ಮಾಡುವ ತರುಣನೊಬ್ಬನು ಮೊನ್ನೆ ನಮ್ಮ ಕಾರ್ಯಾಲಯಕ್ಕೆ ಬಂದಿದ್ದನು. ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಈತನು ನಮ್ಮಲ್ಲಿ ಮಾಣಿಯಾಗಿದ್ದು, ರಾತ್ರಿಶಾಲೆಯಲ್ಲಿ ಓದಿ ಮುಂದೆ ಬಂದವನು. ಈಗೇನು ಕೆಲಸವೆಂದು ಕೇಳಲಾಗಿ, "ರೌಟರ್ ನೋಡಿಕೊಳ್ಳುವುದು, ಧಣಿಗಳೇ" ಎಂದನು.

ಗಿರಾಕಿಯು ಮೊಬೈಲಿನಿಂದ ಚಹಾದ ಹಣ ತೆತ್ತನೆಂದರೆ, ಆ ಸಂದೇಶವು ತುಂಡುತುಂಡಾಗಿ ಹಲವು ರೌಟರುಗಳನ್ನು ದಾಟಿ ಬ್ಯಾಂಕನ್ನು ಮುಟ್ಟುತ್ತದೆ. ಒಂದೊಂದು ರೌಟರೂ ತುಂಡಿನ ಮೇಲಿನ ವಿಳಾಸವನ್ನೋದಿ ಮುಂದಿನ ದಾರಿಗೆ ಹಚ್ಚುತ್ತದೆ. ಹೋಟೆಲಿನ ಗೋಡೆಗೆ ತೂಗುಹಾಕಿದ ಸಣ್ಣ ಪೆಟ್ಟಿಗೆಯಲ್ಲಿ ಎಲ್ಲ ಕೆಲಸವೂ ಒಂದೇ ಹಲಗೆಯ ಮೇಲೆ ನಡೆಯುತ್ತದೆ. ದೊಡ್ಡ ರೌಟರಾದರೋ ಕಬ್ಬಿಣದ ಕಪಾಟಿನಂತಿದ್ದು, ಅದರ ಖಾನೆಗಳಲ್ಲಿ ಬೇರೆಬೇರೆ ಕಾರ್ಡುಗಳನ್ನು ತೂರಿಸಿರುತ್ತಾರೆ.

ಇವುಗಳಲ್ಲಿ ಪ್ರೊಸೆಸರ್ ಕಾರ್ಡೇ ಮ್ಯಾನೇಜರು. ನೆರೆಯ ರೌಟರುಗಳೊಡನೆ ಮಾತನಾಡಿ, ಯಾವ ಊರಿಗೆ ಯಾವ ದಾರಿಯೆಂಬ ಪಟ್ಟಿಯನ್ನು ಸಿದ್ಧಪಡಿಸಿ, ಅದರ ಪ್ರತಿಯನ್ನು ಉಳಿದ ಕಾರ್ಡುಗಳಿಗೆ ಕೊಡುವುದು ಇದರ ಕೆಲಸ. ಸಂದೇಶಗಳನ್ನು ಸಾಗಿಸುವ ಕಾರ್ಡುಗಳು ಬೇರೆಯೇ ಇವೆ. ಗಲ್ಲೆಯಲ್ಲಿ ಕುಳಿತವನೇ ದೋಸೆಯ ತಟ್ಟೆ ಹೊತ್ತು ಓಡತೊಡಗಿದರೆ ಹೋಟೆಲಿನ ಗತಿಯೇನೆಂಬುದು ನಮ್ಮ ವಾಚಕರಿಗೆ ತಿಳಿಯದ್ದಲ್ಲ.

ಪಟ್ಟಿಯೂ ಸಣ್ಣದಲ್ಲ. ಜಗತ್ತಿನ ದಾರಿಗಳ ಸಂಖ್ಯೆ ಇಂದು 9 ಲಕ್ಷವನ್ನು ಮೀರಿದೆ. ಹಳೆಯ ಕೆಲವು ರೌಟರುಗಳ ವೇಗದ ನೆನಪಿನಲ್ಲಿ ಸುಮಾರು 5 ಲಕ್ಷ 12 ಸಾವಿರಕ್ಕಷ್ಟೇ ಜಾಗವಿತ್ತು. 2014ರ ಆಗಸ್ಟ್ 12ರಂದು ಪಟ್ಟಿಯು ಆ ಗಡಿಯನ್ನು ದಾಟಿದಾಗ ಹಲವು ದೇಶಗಳಲ್ಲಿ ಇಂಟರ್ನೆಟ್ ಮುಗ್ಗರಿಸಿತು.

ಆದರೆ ನಮ್ಮ ಮನಸ್ಸನ್ನು ಹಿಡಿದದ್ದು ಕಾರ್ಡಿನ ಮೂರು ಬಗೆಯ ನೆನಪು. ಫ್ಲ್ಯಾಶ್ ಎಂಬುದರಲ್ಲಿ ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮು ಇರುತ್ತದೆ. ರ‍್ಯಾಮ್ ಎಂಬುದು ಆಗಿನ ಕೆಲಸದ ನೆನಪು. ವಿದ್ಯುತ್ತು ಹೋದೊಡನೆ ಅಳಿದುಹೋಗುತ್ತದೆ. ಮೂರನೆಯದರಲ್ಲಿ ಯಂತ್ರವು ಮತ್ತೆ ಎದ್ದಾಗ ಓದಿಕೊಳ್ಳಬೇಕಾದ ಅಪ್ಪಣೆಗಳು ಬರೆದಿರುತ್ತವೆ. ಅನೇಕ ರೌಟರುಗಳಲ್ಲಿ ಹೊಸ ಅಪ್ಪಣೆಯನ್ನು ಕೊಟ್ಟ ಕೂಡಲೇ ಅದು ಜಾರಿಗೆ ಬರುತ್ತದಾದರೂ ಇರುವುದು ರ‍್ಯಾಮಿನಲ್ಲಿ ಮಾತ್ರ. "ಬರೆದಿಡು" ಎಂದು ಬೇರೆಯಾಗಿ ಹೇಳಬೇಕು.

ಇವನ ಮೊದಲ ನೌಕರಿ ಹೋದದ್ದು ಇದರಿಂದಲೇ. ಮೇಲಿನವರು ಫೋನಿನಲ್ಲಿ ಹೇಳಿದ ದಾರಿಯನ್ನು ಹಚ್ಚಿದನು, ಕೆಲಸ ಸಾಗಿತು, ಬರೆದಿಡಲು ಮರೆತನು. ಹನ್ನೊಂದು ದಿನಗಳ ಮೇಲೆ ಕರೆಂಟು ಹೋಗಿಬಂದಾಗ ಯಂತ್ರವು ಹಳೆಯ ಅಪ್ಪಣೆಗಳನ್ನೇ ಓದಿಕೊಂಡಿತು. ಕಚೇರಿ ಮೂರು ಗಂಟೆ ಸ್ತಬ್ಧ. ಫೋನಿನಲ್ಲಿ ಹೇಳಿದವರು ತಾವು ಹೇಳಿಯೇ ಇಲ್ಲವೆಂದರಂತೆ.

ಇದನ್ನು ಕೇಳಿ ನಾವು ಸುಮ್ಮನಾದೆವು. ಬಾಯಿಮಾತಿನಲ್ಲಿ ದರ ಬದಲಿಸಿ, ಪುಸ್ತಕಕ್ಕೇರಿಸದೆ, ಲೆಕ್ಕ ತಪ್ಪಿದಾಗ ಮಾಣಿಯ ಸಂಬಳದಲ್ಲಿ ಹಿಡಿದದ್ದು ನಮ್ಮಲ್ಲಿಯೂ ಉಂಟು. ಆ ಮಾಣಿ ಇವನೇ ಇದ್ದನೇ ಎಂದು ಕೇಳಲು ನಾಲಿಗೆ ಏಳಲಿಲ್ಲ.

ಈಗಿನ ಕಚೇರಿಯ ರೌಟರಿನಲ್ಲಿ ಇಬ್ಬರು ಮ್ಯಾನೇಜರರಿದ್ದಾರೆ. ಒಂದು ಕಾರ್ಡು ದುಡಿಯುತ್ತಿರುವಾಗ ಇನ್ನೊಂದು ಅದರ ನೆನಪನ್ನೆಲ್ಲ ನಕಲು ಮಾಡಿಕೊಳ್ಳುತ್ತ ಕಾದಿರುತ್ತದೆ; ಮೊದಲನೆಯದು ಕೆಟ್ಟರೆ ಇದು ಕ್ಷಣಮಾತ್ರದಲ್ಲಿ ಗಲ್ಲೆಗೇರುತ್ತದೆ. ಕೆಟ್ಟ ಕಾರ್ಡನ್ನು ಯಂತ್ರ ನಿಲ್ಲಿಸದೆಯೇ ಎಳೆದು ಬದಲಿಸಬಹುದು. ಬೆಲೆ ಮಾತ್ರ ಬಲು ದುಬಾರಿ. ಸಣ್ಣ ಕಚೇರಿಗೆ ಎಟುಕದು.

ಎಂಟೂವರೆಗೆ ಅವನು ಎದ್ದನು. ಹೊರಡುವಾಗ ಜೇಬಿನಿಂದ ಸಣ್ಣ ಪುಸ್ತಕವೊಂದನ್ನು ತೆಗೆದು ತೋರಿಸಿದನು. ಯಾರು, ಯಾವ ದಿನ, ಎಷ್ಟು ಗಂಟೆಗೆ, ಏನು ಹೇಳಿದರೆಂಬುದು ಅದರಲ್ಲಿ ಸಾಲುಸಾಲಾಗಿ ಕನ್ನಡದಲ್ಲಿಯೇ ಬರೆದಿತ್ತು.