ವಿದ್ಯಾರ್ಥಿಗಳ ಸಂಗೀತ ಪತ್ರಿಕೆ: ರೂಪರಚನೆಯ ರೂಢಿಗಳು

ಮುಖ ನೋಡಿ ಮಣೆ ಹಾಕುವುದು ತರವಲ್ಲವೆಂದು ಹಿರಿಯರು ಹೇಳುತ್ತಾರೆ. ಆದರೆ ಪತ್ರಿಕೆಗಳ ಪ್ರಪಂಚದಲ್ಲಿ ಈ ಮಾತು ನಡೆಯದು. ಅಂಗಡಿಯ ಮುಂದೆ ನಿಂತ ಗಿರಾಕಿಯು ಹತ್ತಾರು ಪತ್ರಿಕೆಗಳ ನಡುವೆ ಒಂದನ್ನು ಕೈಗೆತ್ತಿಕೊಳ್ಳುವುದೂ ಬಿಡುವುದೂ ಅದರ ಮುಖವನ್ನು ನೋಡಿಯೇ. ಆ ಕೆಲವು ಕ್ಷಣಗಳಲ್ಲಿ ಪತ್ರಿಕೆಯು ತಾನು ಯಾರು, ಯಾರಿಗಾಗಿ ಬಂದಿದೆ, ಒಳಗೆ ಏನನ್ನು ಇರಿಸಿಕೊಂಡಿದೆ ಎಂಬ ಮೂರು ಸಂಗತಿಗಳನ್ನು ತಿಳಿಸಬೇಕು. ಇದಕ್ಕಾಗಿ ಕಾಲಕ್ರಮದಲ್ಲಿ ಕೆಲವು ರೂಢಿಗಳು ಬೆಳೆದು ಬಂದಿವೆ. ಅವುಗಳನ್ನು ಬ್ರಿಟನ್ನಿನ ಶಾಲೆಗಳು ಪಾಠವಾಗಿಯೇ ಕಲಿಸಿದ ಬಗೆ ಗಮನಾರ್ಹವಾದುದು.

ಪರೀಕ್ಷೆಗೊಂದು ಪತ್ರಿಕೆ

ಓ.ಸಿ.ಆರ್. ಎಂಬ ಅಲ್ಲಿನ ಪರೀಕ್ಷಾ ಮಂಡಳಿಯು 2008ರಲ್ಲಿ ಆರಂಭಿಸಿದ ಮಾಧ್ಯಮ ಅಧ್ಯಯನದ ಪಠ್ಯಕ್ರಮದಲ್ಲಿ, ಮುದ್ರಣವನ್ನು ಆರಿಸಿಕೊಂಡ 16–17ರ ವಯಸ್ಸಿನ ವಿದ್ಯಾರ್ಥಿಗಳು ಮೊದಲು ಶಾಲಾಪತ್ರಿಕೆಯೊಂದರ ಮುಖಪುಟವನ್ನೂ ಪರಿವಿಡಿಯ ಮಾದರಿಯನ್ನೂ ಅಭ್ಯಾಸಕ್ಕಾಗಿ ರಚಿಸಬೇಕಿತ್ತು. ಅನಂತರ ಹೊಸದೊಂದು ಸಂಗೀತ ಪತ್ರಿಕೆಯ ಮುಖಪುಟ, ಪರಿವಿಡಿ ಮತ್ತು ಜೋಡಿಪುಟದ ಲೇಖನ ಸಿದ್ಧವಾಗಬೇಕು. ಚಿತ್ರಗಳೂ ಬರಹವೂ ಸ್ವಂತದವಾಗಿರಬೇಕು. ನಾಲ್ಕಕ್ಕೆ ಕಡಮೆಯಿಲ್ಲದಷ್ಟು ಚಿತ್ರಗಳಿರಬೇಕು. ನೂರು ಅಂಕಗಳಲ್ಲಿ ಸಂಶೋಧನೆ ಮತ್ತು ಯೋಜನೆಗೆ 20, ರಚನೆಗೆ 60, ಸ್ವವಿಮರ್ಶೆಗೆ 20. 2017ರಲ್ಲಿ ಹೊಸ ಪಠ್ಯಕ್ರಮ ಬರುವವರೆಗೆ ಈ ಕ್ರಮ ನಡೆಯಿತು.

ಪ್ರಸಿದ್ಧ ಗಾಯಕರ ಚಿತ್ರವನ್ನು ಎಲ್ಲಿಂದಲೋ ತಂದು ಅಂಟಿಸುವಂತಿರಲಿಲ್ಲವಾದುದರಿಂದ ಸಹಪಾಠಿಯೇ ಗಾಯಕನಾಗಬೇಕಾಯಿತು. ಈ ನಿರ್ಬಂಧವೇ ದೊಡ್ಡ ಪಾಠ. ಪ್ರಸಿದ್ಧರ ಮುಖಕ್ಕೆ ತಾನಾಗಿಯೇ ಬರುವ ಆಕರ್ಷಣೆಯು ಅಪರಿಚಿತರ ಮುಖಕ್ಕೆ ಬರಬೇಕಾದರೆ ಬೆಳಕು, ಉಡುಪು, ನಿಲುವು, ಅಕ್ಷರ ಎಲ್ಲವೂ ದುಡಿಯಬೇಕು.

ಹೆಸರು ಮತ್ತು ಮುಖ

ಮುಖಪುಟದಲ್ಲಿ ಮೊದಲಿನದು ಪತ್ರಿಕೆಯ ಹೆಸರನ್ನು ಹೊತ್ತ ಮಾಸ್ಟ್‌ಹೆಡ್. ಅದು ಚಿಕ್ಕದಾಗಿ, ದೂರದಿಂದ ಗುರುತು ಸಿಕ್ಕುವಂತಿರಬೇಕು. 1986ರಲ್ಲಿ ಹುಟ್ಟಿ 2020ರಲ್ಲಿ ನಿಂತ ‘ಕ್ಯೂ’ ಪತ್ರಿಕೆಯು ಕೆಂಪು ಚೌಕದೊಳಗಣ ಒಂದೇ ಬಿಳಿಯ ಅಕ್ಷರದಿಂದ ತನ್ನ ಗುರುತನ್ನು ಸ್ಥಾಪಿಸಿಕೊಂಡಿತು. 1981ರಲ್ಲಿ ಆರಂಭವಾದ ‘ಕೆರಾಂಗ್!’ ಎಂಬ ಹೆಸರು ವಿದ್ಯುತ್ ಗಿಟಾರಿನ ತಂತಿಗಳನ್ನು ಬಲವಾಗಿ ಮೀಟಿದಾಗ ಏಳುವ ಸದ್ದಿನ ಅನುಕರಣೆ. ಬಿರುಕುಬಿಟ್ಟಂತಿರುವ ಅದರ ಅಕ್ಷರಗಳೇ ಒಳಗಿರುವುದು ಅಬ್ಬರದ ಸಂಗೀತವೆಂದು ಸಾರುತ್ತವೆ. 1978ರಿಂದ 2006ರವರೆಗೆ ನಡೆದ ‘ಸ್ಮ್ಯಾಶ್ ಹಿಟ್ಸ್’ ಹದಿಹರೆಯದವರಿಗಾಗಿ ಕಣ್ಸೆಳೆಯುವ ಬಣ್ಣಗಳನ್ನೂ ಹಾಡುಗಳ ಸಾಹಿತ್ಯವನ್ನೂ ನೆಚ್ಚಿಕೊಂಡಿತ್ತು. ವಾಚಕ ಯಾರೆಂಬುದು ತಿಳಿದ ಮೇಲೆಯೇ ಅಕ್ಷರ, ಬಣ್ಣಗಳ ಆಯ್ಕೆ ಎಂಬುದಕ್ಕೆ ಇವು ನಿದರ್ಶನಗಳು.

ಎರಡನೆಯದು ಪ್ರಧಾನ ಚಿತ್ರ. ಸಾಮಾನ್ಯವಾಗಿ ತಲೆಯಿಂದ ಎದೆಯವರೆಗಿನ ಒಂದೇ ಭಾವಚಿತ್ರ. ಕಣ್ಣುಗಳು ನೇರವಾಗಿ ನೋಡುಗನ ಕಡೆಗೆ. ನೋಟಕ್ಕೆ ನೋಟ ಕೂಡಿದಾಗ ಪರಿಚಯವಾದಂತೆಯೇ ಸರಿ. ಕೆಲವು ಪತ್ರಿಕೆಗಳಲ್ಲಿ ಗಾಯಕನ ತಲೆಯು ಹೆಸರಿನ ಒಂದೆರಡು ಅಕ್ಷರಗಳನ್ನು ಮರೆಮಾಡಿರುವುದುಂಟು. ಹೆಸರು ವಾಚಕರಿಗೆ ಕಂಠಪಾಠವಾಗಿರುವ ಹಳೆಯ ಪತ್ರಿಕೆಗೆ ಈ ಸಲುಗೆ ಸಲ್ಲುತ್ತದೆ. ಇಂದು ಹುಟ್ಟಿದ ವಿದ್ಯಾರ್ಥಿಪತ್ರಿಕೆ ಅದನ್ನು ಅನುಕರಿಸಿದರೆ ಹೆಸರೇ ತಿಳಿಯದೆ ಹೋದೀತು. ರೂಢಿಯ ಹಿಂದಿನ ಕಾರಣವನ್ನರಿಯದೆ ರೂಢಿಯನ್ನು ಮಾತ್ರ ಅನುಸರಿಸುವುದರ ಅಪಾಯ ಇದೇ.

ಮಾತು ಕೊಡುವ ಸಾಲುಗಳು

ಚಿತ್ರದ ಸುತ್ತ ಒಳಗಿನ ಲೇಖನಗಳನ್ನು ಸೂಚಿಸುವ ಚಿಕ್ಕ ಸಾಲುಗಳಿರುತ್ತವೆ. ಅಂಗಡಿಯ ಹಲಗೆಯಲ್ಲಿ ಪತ್ರಿಕೆಗಳನ್ನು ಒಂದರ ಮೇಲೊಂದು ಸರಿಸಿ ಜೋಡಿಸಿದಾಗ ಎಡಭಾಗವಷ್ಟೇ ಕಾಣುವುದುಂಟು. ಆದಕಾರಣ ಮುಖ್ಯವಾದ ಸಾಲುಗಳನ್ನು ಎಡಗಡೆಯ ಮೂರನೆಯ ಒಂದು ಭಾಗದಲ್ಲಿಡುವ ಪದ್ಧತಿ. ಬೆಲೆ, ದಿನಾಂಕ, ಬಾರ್‌ಕೋಡು ಚಿತ್ರಕ್ಕೆ ಅಡ್ಡಿಯಾಗದಂತೆ ಒಂದು ಮೂಲೆಯನ್ನು ಸೇರುತ್ತವೆ. ನಿಯತಕಾಲಿಕಗಳ ಬಾರ್‌ಕೋಡಿನ 13 ಅಂಕಿಗಳು 977ರಿಂದ ಆರಂಭವಾಗುತ್ತವೆಂಬುದು ಹಲವರ ಗಮನಕ್ಕೆ ಬಂದಿರಲಾರದು.

ಈ ಸಾಲುಗಳು ಹುಂಡಿಯಿದ್ದಂತೆ. ಒಳಪುಟದಲ್ಲಿ ಅವುಗಳಿಗೆ ಹಣ ಸಲ್ಲಬೇಕು. ‘ವಿಶೇಷ ಸಂದರ್ಶನ’ ಎಂದು ಮುಖಪುಟದಲ್ಲಿ ಘೋಷಿಸಿ ಒಳಗೆ ಹತ್ತು ಸಾಲಿನ ಸುದ್ದಿಯನ್ನಿತ್ತರೆ ಓದುಗನು ಒಮ್ಮೆ ಮೋಸಹೋದಾನು, ಎರಡನೆಯ ಸಲ ಕೊಳ್ಳಲಾರನು. ಆದುದರಿಂದ ಪರಿವಿಡಿಯಲ್ಲಿ ಮುಖಪುಟದ ಪ್ರತಿಯೊಂದು ಸಾಲಿಗೂ ಪುಟಸಂಖ್ಯೆ ದೊರೆಯಬೇಕು. ಸುದ್ದಿ, ಸಂದರ್ಶನ, ವಿಮರ್ಶೆ ಎಂದು ವಿಭಾಗಿಸಿ, ಅಂಕಿಗಳನ್ನು ಎದ್ದು ಕಾಣುವಂತೆ ಅಚ್ಚಿಸಿದರೆ ಓದುಗನು ಹುಡುಕಾಡಬೇಕಾಗಿಲ್ಲ.

ಜೋಡಿಪುಟದ ಲೇಖನದಲ್ಲಿ ಒಂದು ಪುಟವನ್ನು ಚಿತ್ರವೂ ಇನ್ನೊಂದನ್ನು ಬರಹವೂ ಆಕ್ರಮಿಸುವುದು ವಾಡಿಕೆ. ಮೊದಲಕ್ಷರವನ್ನು ದೊಡ್ಡದಾಗಿಸುವುದು ಕಣ್ಣಿಗೆ ಬಾಗಿಲನ್ನು ತೋರಿಸಲು. ಸಂದರ್ಶನದ ಒಂದು ಸ್ವಾರಸ್ಯಕರ ಮಾತನ್ನು ಎತ್ತಿ ದಪ್ಪಕ್ಷರದಲ್ಲಿ ನಡುವೆ ಇಡುವುದು ದಣಿದವನಿಗೆ ತಂಗುದಾಣ ಒದಗಿಸಲು. ಎರಡು ಪುಟಗಳು ಕೂಡುವ ಮಡಿಕೆಯಲ್ಲಿ ಮುಖವಾಗಲಿ ಅಕ್ಷರವಾಗಲಿ ಸಿಕ್ಕಿಕೊಳ್ಳಬಾರದು. ಅಂಚಿನವರೆಗೂ ಹಬ್ಬಿದ ಚಿತ್ರಗಳನ್ನು ಕತ್ತರಿಸುವ ಗೆರೆಯ ಆಚೆಗೆ 3 ಮಿಲಿಮೀಟರು ಚಾಚಿ ಸಿದ್ಧಪಡಿಸದಿದ್ದರೆ ಬಿಳಿಯ ಸೀಳು ಉಳಿದೀತು. ಮೂರು ಪುಟಗಳಲ್ಲಿಯೂ ಎರಡು ಮೂರು ಬಣ್ಣ, ಎರಡು ಬಗೆಯ ಅಕ್ಷರಗಳಿಗೆ ಮಿತಿಗೊಂಡರೆ ಒಂದೇ ಮನೆಯ ಮಕ್ಕಳೆಂಬ ಭಾವ ಮೂಡುತ್ತದೆ.

ಕಣ್ಣಿನ ಆರೋಗ್ಯ

ತರುಣರು ಸುಲಭವಾಗಿ ಮರೆಯುವ ಸಂಗತಿಯೊಂದಿದೆ. ಬ್ರಿಟನ್ನಿನ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರಿಗೂ ಹೆಂಗಸರಲ್ಲಿ ಸುಮಾರು 200ಕ್ಕೆ ಒಬ್ಬರಿಗೂ ಬಣ್ಣಗಳನ್ನು ಗುರುತಿಸುವಲ್ಲಿ ದೋಷವಿರುತ್ತದೆ. ರಾಕ್ ಸಂಗೀತದ ಪತ್ರಿಕೆಗಳಿಗೆ ಪ್ರಿಯವಾದ ಕಪ್ಪು ಹಿನ್ನೆಲೆಯ ಕೆಂಪಕ್ಷರಗಳು ಇವರಲ್ಲಿ ಕೆಲವರ ಕಣ್ಣಿಗೆ ಕತ್ತಲಲ್ಲಿ ಕತ್ತಲಾಗಿ ಕರಗಿಹೋಗುತ್ತವೆ. 30 ಮಂದಿಯ ಹುಡುಗರ ತರಗತಿಯಲ್ಲಿ ಇಂತಹವರು ಇಬ್ಬರು ಮೂವರಿರುವುದು ಸಹಜ. ತಮ್ಮ ಪಕ್ಕದ ಬೆಂಚಿನ ಗೆಳೆಯನೇ ಓದಲಾರದ ಪತ್ರಿಕೆಯನ್ನು ಅಂದವಾಗಿದೆಯೆಂದು ಹೇಗೆ ಹೇಳುವುದು? ಪುಟವನ್ನು ಕಪ್ಪುಬಿಳುಪಿನಲ್ಲಿ ಒಂದು ಪ್ರತಿ ತೆಗೆದು ನೋಡಿದರೆ ಸಾಕು, ಯಾವ ಅಕ್ಷರ ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದು ಬಹುಮಟ್ಟಿಗೆ ತಿಳಿದುಬರುತ್ತದೆ. ಓದಿನ ತೊಡಕುಳ್ಳ ಡಿಸ್ಲೆಕ್ಸಿಯಾ ಪೀಡಿತರಿಗಾಗಿ ಬ್ರಿಟಿಷ್ ಡಿಸ್ಲೆಕ್ಸಿಯಾ ಸಂಸ್ಥೆಯು 12ರಿಂದ 14 ಪಾಯಿಂಟಿನ ಸರಳ ಅಕ್ಷರಗಳನ್ನೂ ಎಡಕ್ಕೆ ಮಾತ್ರ ಸಮಗೊಳಿಸಿದ ಸಾಲುಗಳನ್ನೂ ಸಲಹೆ ಮಾಡುತ್ತದೆ. ಅಲಂಕಾರವು ಓದಿಗೆ ಅಡ್ಡ ಬಂದಲ್ಲಿ ಅಲಂಕಾರವೇ ಹಿಂದೆ ಸರಿಯಬೇಕು.

ಕನ್ನಡಕ್ಕೆ ಅನ್ವಯ

ಸಂಘಗಳ ತರುಣರು ಸಂಚಿಕೆಗಳನ್ನು ತಾವೇ ರೂಪಿಸಲು ತೊಡಗಿರುವ ಈ ಕಾಲದಲ್ಲಿ ಈ ರೂಢಿಗಳು ನಮಗೂ ಉಪಯುಕ್ತ. ಆದರೆ ಹಾಗೆಯೇ ಎತ್ತಿಕೊಳ್ಳುವಂತಿಲ್ಲ. ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದ ಕನ್ನಡಕ್ಕಿಲ್ಲ. ಒತ್ತು ಕೊಡಲು ಗಾತ್ರ ಮತ್ತು ದಪ್ಪಗಳೇ ಸಾಧನ. ಕೆಳಗೆ ಒತ್ತಕ್ಷರ, ಮೇಲೆ ಗುಣಿತದ ಚಿಹ್ನೆ ಇರುವುದರಿಂದ ಸಾಲುಗಳ ನಡುವೆ ಹೆಚ್ಚಿನ ಅಂತರ ಬೇಕು. ಅತಿ ದಪ್ಪವಾದ ಅಕ್ಷರಗಳಲ್ಲಿ ಒಳಗಣ ಸೊನ್ನೆಗಳು ಮಸಿಯಿಂದ ಮುಚ್ಚಿಹೋಗುತ್ತವೆ.

ರೂಢಿಗಳನ್ನು ಎಲ್ಲಿ ಅನುಸರಿಸಿದೆ, ಎಲ್ಲಿ ಬೆಳೆಸಿದೆ, ಎಲ್ಲಿ ಮುರಿದೆ ಎಂಬ ಪ್ರಶ್ನೆಗೆ ಬ್ರಿಟನ್ನಿನ ಆ ವಿದ್ಯಾರ್ಥಿಗಳು ಕೊನೆಯಲ್ಲಿ ಉತ್ತರ ಬರೆಯಬೇಕಿತ್ತು. ಶಾಲೆಯ ಅಂಕಗಳ ಹಂಗಿಲ್ಲದವರೂ ಸಂಚಿಕೆಯನ್ನು ಅಚ್ಚಿಗೆ ಕಳುಹಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ. ತಾಳವನ್ನು ಬಲ್ಲವನು ತಾಳದೊಡನೆ ಆಡಬಹುದು. ಬಲ್ಲದವನು ಆಡಿದರೆ ಅದು ತಾಳತಪ್ಪು ಎನಿಸುತ್ತದೆ.