ಅಣಬೆ ರೂಮಿನ ಸೆಕೆ, ತೇವದ ಲೆಕ್ಕ: ಏಸಿ ಕೊಳ್ಳೋ ಮೊದಲು ಇದನ್ನ ಕೇಳಿ

ಇಯರ್‌ಫೋನ್ ಮನೇಲೇ ಬಿಟ್ಟು ಬಸ್ ಹತ್ತಿದವರಿಗೆ ಇದು ಈ ವಾರದ ಎಪಿಸೋಡ್‌ನ ಬರಹ ರೂಪ.

ಇತ್ತೀಚೆಗೆ ನನಗೆ ಬರೋ ಮೆಸೇಜ್‌ಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಇರುತ್ತೆ: "ಮನೇಲಿ ಒಂದು ಖಾಲಿ ರೂಮ್ ಇದೆ, ಅಣಬೆ ಬೆಳೀಬಹುದಾ?" ಬೆಳೀಬಹುದು. ಆದರೆ ರೀಲ್ಸ್ ನೋಡಿ, ಸಾಲ ಮಾಡಿ, ಮೊದಲ ದಿನವೇ ಏಸಿ ಮತ್ತು ಹ್ಯೂಮಿಡಿಫೈಯರ್ ಎರಡನ್ನೂ ಹಾಕಿಸೋಕೆ ಹೊರಟವರಿದ್ದಾರೆ. ಇವತ್ತಿನ ಮಾತು ಮುಖ್ಯವಾಗಿ ಅವರಿಗೆ. ನಾನು ಓದಿದ್ದು ಬಿಕಾಂ, ಕೃಷಿ ಅಲ್ಲ. ಹಾಗಾಗಿ ಇದನ್ನೂ ಒಂದು ಖಾತೆ ಥರಾನೇ ನೋಡೋಣ.

ಮೊದಲು ಬೇಡಿಕೆ ಏನು ಅಂತ ತಿಳ್ಕೊಳ್ಳೋಣ. ಚಿಪ್ಪು ಅಣಬೆ, ಅಂದ್ರೆ ಆಯ್‌ಸ್ಟರ್, ಸುಮಾರು 20ರಿಂದ 28 ಡಿಗ್ರಿಯಲ್ಲಿ ಚೆನ್ನಾಗಿ ಬರುತ್ತೆ. ಹಾಲು ಅಣಬೆಗೆ 30ರಿಂದ 35 ಡಿಗ್ರಿ ಬೇಕು. ಹೋಟೆಲ್‌ಗಳಲ್ಲಿ ಸಿಗೋ ಬಿಳಿ ಬಟನ್ ಅಣಬೆಗೆ ಕಾಯಿ ಕಟ್ಟೋ ಹೊತ್ತಿಗೆ 14ರಿಂದ 18 ಡಿಗ್ರಿ ಇರಬೇಕು. ಕೊಯ್ಲಿನ ಹಂತದಲ್ಲಿ ಮೂರಕ್ಕೂ ಗಾಳಿಯಲ್ಲಿ ಶೇ 80ರಿಂದ 90ರಷ್ಟು ತೇವ ಬೇಕು.

ಇಲ್ಲೇ ಎಲ್ಲರೂ ಎಡವೋದು. ಉಷ್ಣಾಂಶ ಒಂದು ಸಮಸ್ಯೆ, ತೇವ ಇನ್ನೊಂದು ಸಮಸ್ಯೆ ಅಂದ್ಕೊಳ್ತೀವಿ. ಅವೆರಡೂ ಒಂದೇ ಖಾತೆಯ ಎರಡು ಕಾಲಂ.

ಹೇಗೆ ಅಂತೀರಾ? ಗಾಳಿಯನ್ನ ಒಂದು ಬಕೆಟ್ ಅಂದ್ಕೊಳ್ಳಿ. ಬಿಸಿ ಆದಷ್ಟೂ ಬಕೆಟ್ ದೊಡ್ಡದಾಗುತ್ತೆ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿ ಹಿಡಿಯುತ್ತೆ. 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. ಹವಾಮಾನ ಆಪ್‌ನಲ್ಲಿ ತೇವ ಶೇ 50 ಅಂತ ತೋರಿಸಿದ್ರೆ ಬಕೆಟ್ ಅರ್ಧ ತುಂಬಿದೆ ಅಂತ ಅರ್ಥ. ಬಕೆಟ್ ಎಷ್ಟು ದೊಡ್ಡದು ಅಂತ ಅದು ಹೇಳಲ್ಲ. ಬೆಳಗಿನ ಜಾವ 20 ಡಿಗ್ರಿಯಲ್ಲಿ ಶೇ 80 ಇದ್ದ ಗಾಳಿ, ಮಧ್ಯಾಹ್ನ 32 ಡಿಗ್ರಿಗೆ ಕಾದರೆ, ಒಂದು ಹನಿ ನೀರೂ ಹೊರಗೆ ಹೋಗದೆ ಶೇ 40ರ ಆಸುಪಾಸಿಗೆ ಇಳಿಯುತ್ತೆ. ನೀರು ಅಷ್ಟೇ ಇದೆ, ಬಕೆಟ್ ದೊಡ್ಡದಾಯ್ತು, ಅಷ್ಟೇ. ಅಣಬೆಯ ಅಂಚು ಒಣಗಿ ಬಿರುಕು ಬಿಡೋದು ಇಂಥ ಮಧ್ಯಾಹ್ನಗಳಲ್ಲೇ.

ಈಗ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ರೂಮ್ ತಗೊಳ್ಳಿ. ಒಳಗೆ ಸುಮಾರು 28 ಘನ ಮೀಟರ್ ಗಾಳಿ ಇರುತ್ತೆ. 28 ಡಿಗ್ರಿಯಲ್ಲಿ ತೇವವನ್ನ ಶೇ 50ರಿಂದ 85ಕ್ಕೆ ಏರಿಸೋಕೆ ಬೇಕಾಗೋ ನೀರು ಸುಮಾರು 270 ಮಿಲಿ. ಒಂದು ದೊಡ್ಡ ಲೋಟ! ಇಷ್ಟೇನಾ ಅನ್ಸುತ್ತೆ ಅಲ್ವಾ?

ಇಷ್ಟೇ ಅಲ್ಲ. ಅಣಬೆಯೂ ನಮ್ಮ ಹಾಗೇ ಉಸಿರಾಡುತ್ತೆ, ಆಮ್ಲಜನಕ ತಗೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತೆ. ಅದು ರೂಮಿನಲ್ಲೇ ನಿಂತರೆ ಕಾಂಡ ಉದ್ದ ಆಗಿ, ಟೋಪಿ ಬಟನ್ ಗಾತ್ರಕ್ಕೆ ನಿಲ್ಲುತ್ತೆ. ಅಂಥ ಮಾಲನ್ನ ಯಾರೂ ಒಳ್ಳೆ ರೇಟಿಗೆ ಕೊಳ್ಳಲ್ಲ. ಹಾಗಾಗಿ ಹೊಸ ಗಾಳಿ ಬಿಡಲೇಬೇಕು. ಗಂಟೆಗೆ ನಾಲ್ಕು ಸಲ ಗಾಳಿ ಬದಲಾದರೆ, ಪ್ರತಿ ಸಲವೂ ಆ ಒಂದು ಲೋಟ ನೀರು ಕಿಟಕಿಯಿಂದ ಹೊರಗೆ ಹೋಗುತ್ತೆ. ಅಂದ್ರೆ ಗಂಟೆಗೆ ಒಂದು ಲೀಟರ್, ದಿನಕ್ಕೆ 24 ಲೀಟರ್. ತೇವ ಕೊಡೋದು ಸುಲಭ, ಉಳಿಸ್ಕೊಳ್ಳೋದೇ ಕಷ್ಟ.

ಹಾಗಾದ್ರೆ ಏಸಿ ಹಾಕಿದ್ರೆ? ಏಸಿಯ ಪೈಪ್‌ನಿಂದ ಹನಿ ಹನಿ ನೀರು ಬೀಳೋದು ನೋಡಿರ್ತೀರಿ. ಅದು ರೂಮಿನ ಗಾಳಿಯಲ್ಲಿದ್ದ ತೇವ. ನೀವು ಹ್ಯೂಮಿಡಿಫೈಯರ್‌ಗೆ ಕರೆಂಟ್ ಕೊಟ್ಟು ಒಳಗೆ ಹಾಕಿದ ನೀರನ್ನ, ಇನ್ನಷ್ಟು ಕರೆಂಟ್ ಖರ್ಚು ಮಾಡಿ ಏಸಿ ಹೊರಗೆ ಸುರೀತಿದೆ. ಎರಡು ಮೆಷೀನ್ ಜಗಳ ಆಡ್ತವೆ, ಬಿಲ್ ಮಾತ್ರ ನಿಮ್ಮ ಹೆಸರಿಗೆ. ದೊಡ್ಡ ಬಟನ್ ಅಣಬೆ ಘಟಕಗಳು ಇದನ್ನ ತಡ್ಕೊಳ್ತವೆ, ಯಾಕಂದ್ರೆ ಅವರ ಕಟ್ಟಡ, ಇನ್ಸುಲೇಷನ್, ಮಾರಾಟ ಎಲ್ಲವೂ ಆ ಪ್ರಮಾಣದಲ್ಲೇ ಇರುತ್ತೆ. ಐವತ್ತು ಚೀಲದ ರೂಮಿಗೆ ಅದು ಆಗೋ ಮಾತಲ್ಲ. ಒಂದು ಕೆಜಿ ಒಣ ಹುಲ್ಲಿಗೆ ಅರ್ಧದಿಂದ ಮುಕ್ಕಾಲು ಕೆಜಿ ಚಿಪ್ಪು ಅಣಬೆ ಬಂದ್ರೆ ಅದೇ ಒಳ್ಳೆ ಇಳುವರಿ. ಆ ಆದಾಯದಲ್ಲಿ ಬೀಜ, ಹುಲ್ಲು, ಪ್ಯಾಕಿಂಗ್, ಸಾಗಾಟ ಕಳೆದು ಉಳಿಯೋದರ ಮೇಲೆ ಏಸಿಯ ಇಎಂಐ ಕೂರುತ್ತೆ.

ಇದಕ್ಕೆ ಅಗ್ಗದ ದಾರಿ ನೀರೇ. ಒಂದು ಲೀಟರ್ ನೀರು ಆವಿ ಆಗೋವಾಗ ಹೀರ್ಕೊಳ್ಳೋ ಶಾಖ ಸುಮಾರು 0.68 ಯೂನಿಟ್‌ಗೆ ಸಮ. ಒಂದು ಟನ್ ಏಸಿ ಒಂದು ಗಂಟೆಯಲ್ಲಿ ತೆಗೆಯೋ ಶಾಖದ ಐದನೇ ಒಂದು ಭಾಗ. ಗಾಳಿ ಒಳಗೆ ಬರೋ ಕಿಟಕಿಗೆ ಒದ್ದೆ ಗೋಣಿ ಕಟ್ಟೋದು, ನೆಲಕ್ಕೆ ಮರಳು ಹಾಸಿ ನೀರು ಚಿಮುಕಿಸೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ? ಸೆಕೆಯೂ ಇಳಿಯುತ್ತೆ, ತೇವವೂ ಏರುತ್ತೆ.

ಆದರೆ ಈ ಟ್ರಿಕ್‌ಗೂ ಮಿತಿ ಇದೆ, ಅದು ನಿಮ್ಮ ಊರಿನ ಮೇಲೆ ಹೋಗುತ್ತೆ. ಕಲಬುರಗಿಯಲ್ಲಿ 40 ಡಿಗ್ರಿ, ತೇವ ಶೇ 20 ಇರೋ ದಿನ, ಒದ್ದೆ ಗೋಣಿಯ ಮೂಲಕ ಬರೋ ಗಾಳಿ ಲೆಕ್ಕದ ಪ್ರಕಾರ 23 ಡಿಗ್ರಿವರೆಗೂ ಇಳೀಬಹುದು. ನಿಜದಲ್ಲಿ ಅಷ್ಟು ಇಳಿಯಲ್ಲ, ಆದರೂ ವ್ಯತ್ಯಾಸ ದೊಡ್ಡದು. ಮಂಗಳೂರಿನಲ್ಲಿ 33 ಡಿಗ್ರಿ, ತೇವ ಶೇ 70 ಇದ್ರೆ? ಎಷ್ಟು ಗೋಣಿ ಕಟ್ಟಿದ್ರೂ 28 ಡಿಗ್ರಿಗಿಂತ ಕೆಳಗೆ ಹೋಗಲ್ಲ. ಬಕೆಟ್ ಆಗಲೇ ತುಂಬಿರೋದರಿಂದ ನೀರು ಆವಿ ಆಗೋಕೆ ಜಾಗವೇ ಇಲ್ಲ.

ಹಾಗಾಗಿ ನಾನು ಹೇಳೋದು ಇಷ್ಟೇ: ಅಣಬೆಗೆ ತಕ್ಕ ರೂಮ್ ಕಟ್ಟೋಕೆ ಹೋಗ್ಬೇಡಿ, ರೂಮಿಗೆ ಮತ್ತು ತಿಂಗಳಿಗೆ ತಕ್ಕ ಅಣಬೆ ಆರಿಸಿ. ಬೆಂಗಳೂರು, ಮೈಸೂರು ಕಡೆ ಮಳೆಗಾಲದಿಂದ ಚಳಿಗಾಲದವರೆಗೆ ಚಿಪ್ಪು ಅಣಬೆ, ಮಾರ್ಚ್‌ನಿಂದ ಮೇವರೆಗೆ ಹಾಲು ಅಣಬೆ. ಕಲಬುರಗಿ, ರಾಯಚೂರು ಕಡೆ ಚಿಪ್ಪು ಅಣಬೆಗೆ ನವೆಂಬರ್‌ನಿಂದ ಫೆಬ್ರವರಿ ಕಾಲ. ಕರಾವಳಿಯ ಬೇಸಿಗೆಗೆ ಹಾಲು ಅಣಬೆ. ಅಲ್ಲಿ ಮಳೆಗಾಲದಲ್ಲಿ ತೇವ ಕೊಡೋ ಚಿಂತೆ ಇಲ್ಲ, ಗಾಳಿ ಆಡಿಸೋದೇ ಕೆಲಸ. ಟೋಪಿ ಮೇಲೆ ನೀರು ನಿಂತರೆ ಬ್ಯಾಕ್ಟೀರಿಯಾ ಬಂದು ಹಳದಿ ಕಲೆ ಬೀಳುತ್ತೆ. ಚೀಲದೊಳಗೆ ಬಿಸಿ, ತೇವ ಎರಡೂ ಮಿತಿ ಮೀರಿದ್ರೆ ಟ್ರೈಕೋಡರ್ಮ ಅನ್ನೋ ಹಸಿರು ಬೂಷ್ಟು ಬರುತ್ತೆ.

ಇನ್ನು ಕೆಲವು ಮಾತು. ಟೆರೇಸ್ ಮೇಲಿನ ಶೀಟ್ ರೂಮಿಗಿಂತ ಕೆಳಗಿನ ಉತ್ತರ ಬದಿಯ ರೂಮ್ ಒಳ್ಳೇದು. ಚಾವಣಿಗೆ ಸುಣ್ಣ ಬಳಿಯೋದು ಏಸಿಗಿಂತ ಅಗ್ಗ. ಬೀಜ ಹರಡೋ ಹಂತದಲ್ಲಿ ಚೀಲದ ಒಳಗೆ ರೂಮಿಗಿಂತ ಕೆಲವು ಡಿಗ್ರಿ ಬಿಸಿ ಜಾಸ್ತಿ ಇರುತ್ತೆ, ಹಾಗಾಗಿ ಚೀಲಗಳ ಮಧ್ಯೆ ಜಾಗ ಬಿಡಿ. ಕೊಯ್ಲಿಗೆ ಹೋಗೋವಾಗ ಮಾಸ್ಕ್ ಬೇಕೇ ಬೇಕು. ಚಿಪ್ಪು ಅಣಬೆಯ ಬೀಜಕಣಗಳು ಕೆಲವರಿಗೆ ಕೆಮ್ಮು, ಶ್ವಾಸಕೋಶದ ಅಲರ್ಜಿ ತರುತ್ತವೆ. ಮಲಗೋ ಕೋಣೆಯಲ್ಲಂತೂ ಬೆಳೀಬೇಡಿ.

ಹಣ ಹಾಕೋ ಮೊದಲು ಒಂದು ಕೆಲಸ ಮಾಡಿ. ಕೆಲವು ನೂರು ರೂಪಾಯಿಗೆ ಸಿಗೋ ಡಿಜಿಟಲ್ ತೇವಮಾಪಕ ತಗೊಳ್ಳಿ. ಅದು ಸರಿ ಇದೆಯಾ ಅಂತ ನೋಡೋಕೆ, ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಾಗುವಷ್ಟು ನೀರು ಬೆರೆಸಿ, ಮಾಪಕದ ಜೊತೆ ಗಾಳಿ ಆಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಶೇ 75 ತೋರಿಸ್ಬೇಕು. ಹೆಚ್ಚು ಕಡಿಮೆ ಇದ್ರೆ ಆ ವ್ಯತ್ಯಾಸ ಬರೆದಿಟ್ಕೊಳ್ಳಿ. ಆಮೇಲೆ ಖಾಲಿ ರೂಮಿನಲ್ಲಿ, ಚೀಲ ತೂಗೋ ಎತ್ತರದಲ್ಲಿ ಅದನ್ನ ನೇತುಹಾಕಿ, ಏಳು ದಿನ ಬೆಳಗ್ಗೆ ಆರು, ಮಧ್ಯಾಹ್ನ ಮೂರು, ರಾತ್ರಿ ಹತ್ತಕ್ಕೆ ಅಂಕಿ ಬರೀರಿ.

ಆ 21 ಸಾಲುಗಳನ್ನ ಹಿಡ್ಕೊಂಡು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ, ಬೆಂಗಳೂರಿನವರಾದ್ರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅಣಬೆ ವಿಭಾಗಕ್ಕೆ ಹೋಗಿ. ಈ ರೂಮಿಗೆ, ಈ ತಿಂಗಳಿಗೆ ಯಾವ ಅಣಬೆ ಅಂತ ಕೇಳಿ. ಮೊದಲ ಸಲ ಹತ್ತೇ ಚೀಲ ಸಾಕು. ಬೆಳೆ ಹೋದ್ರೂ ಹತ್ತು ಚೀಲದ ನಷ್ಟ ಜೇಬಿನಿಂದ ಭರಿಸ್ಬಹುದು, ಸಾಲದ ಏಸಿಯದ್ದು ಮೂರು ವರ್ಷ ಕಾಡುತ್ತೆ.

ನಿಮ್ಮ ಏಳು ದಿನದ ಅಂಕಿಗಳನ್ನ ಊರಿನ ಹೆಸರಿನ ಜೊತೆ ವಾಯ್ಸ್ ನೋಟ್‌ನಲ್ಲಿ ಕಳಿಸಿ. ಮುಂದಿನ ವಾರ ಸಿಗೋಣ.